ಬ್ರೇಕ್ ಸರಿಯಾಗಿಯೇ ಇತ್ತು

ಆರನೇ ದಿನ ಬೆಳಗ್ಗೆ ಅವಳಿಗೆ ಎಚ್ಚರವಾದದ್ದು ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ. ಹದಿನಾರು ಜನ ಸೈಕಲ್ ಸವಾರರು ಒಂದು ಶಾಲೆಯ ಆಟದ ಹಾಲ್‌ನಲ್ಲಿ ಸಾಲಾಗಿ ಮಲಗಿದ್ದರು. ಗೋಡೆಯುದ್ದಕ್ಕೂ ಕಟ್ಟಿದ ಹಗ್ಗದ ಮೇಲೆ ಹಿಂದಿನ ದಿನ ಒಗೆದು ಹಾಕಿದ ಕಾಲುಚೀಲ, ಬನಿಯನ್ ಒಂದೂ ಒಣಗಿರಲಿಲ್ಲ. ಇಡೀ ಹಾಲ್ ಒದ್ದೆ ಬಟ್ಟೆ ಮತ್ತು ಚೈನಿನ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಪಕ್ಕದ ಹಾಸಿಗೆ ಆಗಲೇ ಮಡಚಿಟ್ಟಿತ್ತು. ತಂಗಿ ಎದ್ದು ಹೋಗಿದ್ದಳು.

ಗುಂಪಿನವರು ಅವಳನ್ನು ಕನ್ನಡಕದಕ್ಕ ಎಂದು ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಸಾಣೆ ಹಿಡಿದು ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ವಯಸ್ಸು ಐವತ್ತೊಂದು. ತಂಗಿ ಎಂಟು ವರ್ಷಕ್ಕೆ ಚಿಕ್ಕವಳು. ಮನೆಯಲ್ಲಿ ಅವಳು ಚಿಕ್ಕಿ, ಆದ್ದರಿಂದ ಗುಂಪಿಗೂ ಚಿಕ್ಕಿಯೇ. ನೀರು ಸರಬರಾಜು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಅವಳಿಗೆ ನೌಕರಿ. ಒಂಬತ್ತು ದಿನದ ಈ ಪ್ರವಾಸದ ಆಸೆ ಹುಟ್ಟಿಸಿದ್ದೂ ಅವಳೇ, ಹೆಸರು ಕೊಟ್ಟದ್ದೂ ಅವಳೇ.

ಅಕ್ಕನಿಗೆ ಒಂದು ಅಳುಕಿತ್ತು. ಹಿಂದಿನ ಚಳಿಗಾಲದಲ್ಲಿ ಅವಳು ಸಾಣೆಯ ಯಂತ್ರದ ಮುಂದೆಯೇ ಎಚ್ಚರ ತಪ್ಪಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಎಡಗಡೆಯ ಕೊರಳಮೂಳೆಯ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೇಸ್‌ಮೇಕರ್ ಇಟ್ಟು ಹೊಲಿದಿದ್ದರು. ಮೂರು ರಾತ್ರಿ ಚಿಕ್ಕಿ ಅವಳ ಮಂಚದ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು, ತಲೆ ಬಾಚಿದ್ದಳು, ಗಾಯದ ಪಟ್ಟಿ ಬದಲಿಸುವುದನ್ನು ದಾದಿಯಿಂದ ಕಲಿತಿದ್ದಳು. ಆರು ತಿಂಗಳ ನಂತರ ವೈದ್ಯರು ಪರೀಕ್ಷೆ ಮಾಡಿ, ಸೈಕಲ್ ಹೊಡೆಯಬಹುದು, ಏರಿನಲ್ಲಿ ಒಂದು ವಾಕ್ಯ ಪೂರ್ತಿ ಮಾತಾಡುವಷ್ಟು ಉಸಿರು ಉಳಿದಿದ್ದರೆ ಸಾಕು ಎಂದು ಹೇಳಿ ಪತ್ರವನ್ನೂ ಬರೆದುಕೊಟ್ಟರು.

ಪ್ರವಾಸದ ಫಾರಂ ತುಂಬಿದ್ದು ಚಿಕ್ಕಿ. ಅಕ್ಕನ ಅಡುಗೆಮನೆಯ ಮೇಜಿನ ಮೇಲೆ ಎರಡೂ ಫಾರಂ ಹರಡಿಕೊಂಡು ಕೂತಿದ್ದಳು. ಹೃದಯದ ತೊಂದರೆ ಉಂಟೇ ಎಂಬ ಕಾಲಂ ಬಂದಾಗ ಅಕ್ಕ, ಇದ್ದದ್ದನ್ನು ಬರೆದು ವೈದ್ಯರ ಪತ್ರ ಲಗತ್ತಿಸೋಣ ಅಂದಳು. ಚಿಕ್ಕಿ ನಕ್ಕುಬಿಟ್ಟಳು.

"ನಾನು ದಿನಾ ಮಾಡೋ ಕೆಲಸ ಇದೇ ಅಲ್ವಾ ಅಕ್ಕ. ಹೌದು ಅಂತ ಬರೆದ್ರೆ ಹತ್ತು ಪ್ರಶ್ನೆ, ಇಲ್ಲ ಅಂತ ಬರೆದ್ರೆ ಒಂದು ಸೀಲು. ನಾನು ನಿನ್ನ ಪಕ್ಕದಲ್ಲೇ ಇರ್ತೀನಲ್ಲ, ಬಿಡು."

'ಇಲ್ಲ' ಎಂದು ಬರೆದಳು. ಅಕ್ಕ ಸಹಿ ಮಾಡಿದಳು. ವೈದ್ಯರ ಪತ್ರವನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಸೇರಿಸಿಕೊಂಡಳು.

ಮೊದಲ ದಿನ ಇಬ್ಬರೂ ಜೊತೆಯಾಗಿಯೇ ಬಂದರು. ಎರಡನೇ ದಿನ ಚಿಕ್ಕಿ ಸ್ವಲ್ಪ ಸ್ವಲ್ಪವೇ ಮುಂದೆ ಹೋಗತೊಡಗಿದಳು. ತಿರುವಿನಲ್ಲಿ ನಿಂತು ಕಾಯುತ್ತಿದ್ದಳು, ಅಕ್ಕ ಹತ್ತಿರ ಬಂದೊಡನೆ ಮತ್ತೆ ಹೊರಡುತ್ತಿದ್ದಳು. ಹಾಗಾಗಿ ಅಕ್ಕನಿಗೆ ನಿಂತು ನೀರು ಕುಡಿಯಲೂ ಪುರುಸೊತ್ತು ಸಿಗುತ್ತಿರಲಿಲ್ಲ. ನಾಲ್ಕನೇ ದಿನದಿಂದ ಕಾಯುವುದೂ ನಿಂತಿತು. ಮುಂದಿನ ಐದು ಜನರ ಜೊತೆ ಸೇರಿಕೊಂಡು ಚಿಕ್ಕಿ ಮೊದಲು ಊರು ಮುಟ್ಟುವಳು. ಅಕ್ಕ ಮುಟ್ಟುವ ಹೊತ್ತಿಗೆ ಸ್ನಾನ ಮುಗಿಸಿ, ಕೆನ್ನೆ ಕೆಂಪಗೆ ಮಾಡಿಕೊಂಡು ನಗುತ್ತಿರುವಳು. ಅವಳ ಸಂತೋಷ ಕಂಡು ಅಕ್ಕನಿಗೂ ಸಂತೋಷವೇ ಆಗಿತ್ತು. ಇರಲಿ, ಅವಳ ಕಾಲಲ್ಲಿ ಕಸುವಿದೆ, ಓಡಿಸಲಿ ಎಂದುಕೊಂಡಿದ್ದಳು.

ಈ ಆರನೇ ದಿನ ಘಾಟಿ ದಾಟಬೇಕಿತ್ತು. ಇಪ್ಪತ್ತೆರಡು ಕಿಲೋಮೀಟರ್ ಏರು, ಹದಿನಾಲ್ಕು ಕಿಲೋಮೀಟರ್ ಇಳಿಜಾರು. ಅಕ್ಕ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು ಚಹಾ ಲೋಟ ತೊಳೆದಿಟ್ಟು ಹೊರಗೆ ಬಂದರೆ, ಶಾಲೆಯ ಜಗುಲಿಯಲ್ಲಿ ಅವಳ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಗುಂಪಿನ ಮೆಕ್ಯಾನಿಕ್ ಅದರ ಹಿಂದಿನ ಚಕ್ರ ತಿರುಗಿಸುತ್ತಿದ್ದ. ಯಾವಾಗಲೂ ಕೈಯಲ್ಲೊಂದು ಪಾನಾ ಹಿಡಿದಿರುತ್ತಿದ್ದ ಅವನಿಗೆ ಪಾನಾಪತಿ ಎಂದು ಹೆಸರಿಟ್ಟಿದ್ದರು. ಮಾತುಗಾರ ಮನುಷ್ಯ. ಅವತ್ತು ಮಾತ್ರ ಚಕ್ರದ ಕಡ್ಡಿಗಳನ್ನು ನೋಡುತ್ತಲೇ, ಹಿಂದಿನ ಬ್ರೇಕು ಕೆಟ್ಟಿದೆ, ಮಳೆಯಲ್ಲಿ ಇಳಿಜಾರಿಗೆ ನಂಬುವ ಹಾಗಿಲ್ಲ, ಬೇಕಾದ ಸಾಮಾನು ಮುಂದಿನ ಊರಲ್ಲೇ ಸಿಗುವುದು, ಇವತ್ತೊಂದು ದಿನ ಸಾಮಾನಿನ ವ್ಯಾನಿನಲ್ಲಿ ಬನ್ನಿ ಎಂದ.

ಹೊರಡುವ ಒಂದು ವಾರ ಮುಂಚೆಯಷ್ಟೇ ತಾನೇ ಹೊಸ ಬ್ರೇಕ್ ರಬ್ಬರ್ ಹಾಕಿದ್ದೇನೆ ಎಂದು ಅವಳು ಹೇಳಿದಳು. ಹೊಸದೇ ಒಮ್ಮೊಮ್ಮೆ ಕೈ ಕೊಡುತ್ತದೆ ಎಂದು ಅವನು ಗೊಣಗಿದ. ಅಷ್ಟರಲ್ಲಿ ಗುಂಪಿನ ನಾಯಕರು ಬಂದರು. ನಿವೃತ್ತ ದೈಹಿಕ ಶಿಕ್ಷಕರು, ಎಲ್ಲರಿಗೂ ಡ್ರಿಲ್ ಮೇಷ್ಟ್ರು. ಮೆಕ್ಯಾನಿಕ್ ಬೇಡ ಅಂದರೆ ಬೇಡ, ಇದರಲ್ಲಿ ಚರ್ಚೆ ಇಲ್ಲ ಎಂದರು. ಮಳೆಕೋಟಿನ ಟೋಪಿ ಬಿಗಿಯುತ್ತ ಚಿಕ್ಕಿ ಬಂದು ಅಕ್ಕನ ಭುಜ ಹಿಸುಕಿದಳು. ಒಂದು ದಿನ ತಾನೇ, ಬೆಚ್ಚಗೆ ಕೂತ್ಕೊಂಡು ಬಾ ಅಂದಳು. ನಂತರ ಮುಂದಿನ ಗುಂಪಿನ ಜೊತೆ ಹೊರಟು ಗೇಟು ದಾಟಿದಳು. ತಿರುಗಿ ನೋಡಲಿಲ್ಲ.

ವ್ಯಾನಿನ ಡ್ರೈವರು ದಪ್ಪ ಮನುಷ್ಯ. ಹಿಂದೆ ಅಂಚೆ ಗಾಡಿ ಓಡಿಸುತ್ತಿದ್ದವನು. ಸೀಟಿನ ಮೇಲೆ ಟವೆಲು ಹಾಸಿ ಕೂರಿಸಿದ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟ, ಕಿಟಕಿ ಗಾಜು ಏರಿಸಿ ಬೆಚ್ಚಗಾಯಿತಾ ಎಂದು ಎರಡು ಸಲ ಕೇಳಿದ. ಈ ಉಪಚಾರ ಅವಳಿಗೆ ವಿಚಿತ್ರವೆನ್ನಿಸಿತು. ಬ್ರೇಕು ಕೆಟ್ಟವಳಿಗೆ ಇಷ್ಟೆಲ್ಲ ಯಾಕೆ? ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಅವನಿಗೇ ತಡೆಯಲಾಗಲಿಲ್ಲ.

"ಮನಸ್ಸಿಗೆ ಹಚ್ಚಿಕೋಬೇಡಿ ಅಕ್ಕ. ನಿಮ್ಮ ಒಳ್ಳೇದಕ್ಕೇ ಮಾಡಿದ್ದು. ನಿನ್ನೆ ಸಂಜೆ ಮೇಷ್ಟ್ರ ಮುಂದೆ ನಿಮ್ಮ ತಂಗಿ ಎಷ್ಟು ಅತ್ತರು ಗೊತ್ತಾ? ಎದೇಲಿ ಯಂತ್ರ ಇಟ್ಕೊಂಡಿದ್ದಾಳೆ, ನನಗೂ ಒಂದು ಮಾತು ಹೇಳಿಲ್ಲ ಅಂತ."

ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಂಗಿಗೆ ಹೇಗೆ ಗೊತ್ತಾಯಿತಂತೆ ಎಂದು ಕೇಳಿದಳು. ಮೊನ್ನೆ ಬಚ್ಚಲಲ್ಲಿ ಗಾಯದ ಗುರುತು ನೋಡಿದರಂತೆ, ಕೇಳಿದ್ದಕ್ಕೆ ನೀವು ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿರಂತೆ ಎಂದು ಅವನು ಹೇಳಿದ. ತಾನು ಹಿಂದೆಯೇ ಉಳಿದು ಅಕ್ಕನನ್ನು ಕಾಯುತ್ತಾ ಬರುವ ಬದಲು ವ್ಯಾನಿನಲ್ಲಿ ಕೂರಿಸಿದರೆ ಎಲ್ಲರಿಗೂ ನೆಮ್ಮದಿ ಎಂದು ಅವಳೇ ದಾರಿ ತೋರಿಸಿದಳಂತೆ. ನಿಜ ಹೇಳಿದರೆ ಅಕ್ಕ ಕೇಳುವವಳಲ್ಲ, ಬ್ರೇಕು ಗೀಕು ಅಂತ ಏನಾದರೂ ಹೇಳಿ ಎಂದದ್ದೂ ಅವಳೇ.

ಚಿಕ್ಕಿ ಹೆದರಿ ಹೇಳಿದ್ದರೆ ಅದು ಬೇರೆ ಮಾತು. ಹೆದರುವ ಹಕ್ಕು ಅವಳಿಗಿತ್ತು, ಎಚ್ಚರ ತಪ್ಪಿ ಬಿದ್ದ ಅಕ್ಕನನ್ನು ಆಸ್ಪತ್ರೆಯಲ್ಲಿ ಕಂಡವಳು ಅವಳು. ಆದರೆ ಆ ಮೂರು ರಾತ್ರಿಯ ಪ್ಲಾಸ್ಟಿಕ್ ಕುರ್ಚಿಯನ್ನೇ ಅವಳು ಇಲ್ಲವೆಂದಿದ್ದಳು. ಅಡುಗೆಮನೆಯ ಮೇಜನ್ನು ಇಲ್ಲವೆಂದಿದ್ದಳು. ಇಡೀ ಗುಂಪಿನ ಮುಂದೆ ಅಕ್ಕ ಸುಳ್ಳುಗಾತಿ, ತಂಗಿ ಪಾಪದವಳು.

ಏರು ಶುರುವಾಗುವಲ್ಲಿ ಒಂದು ಪೆಟ್ರೋಲ್ ಬಂಕ್ ಇತ್ತು. ವ್ಯಾನು ನಿಲ್ಲಿಸಲು ಹೇಳಿದಳು. ತಾನೇ ಹಿಂದಿನ ಬಾಗಿಲು ತೆಗೆದು ಚೀಲಗಳ ನಡುವಿನಿಂದ ಸೈಕಲ್ಲು ಇಳಿಸಿದಳು. ಬಂಕಿನ ನೀರಿನ ಪೈಪು ಹಿಡಿದು ಹಿಂದಿನ ಚಕ್ರ ಪೂರ್ತಿ ತೋಯಿಸಿ, ಎತ್ತಿ ಜೋರಾಗಿ ತಿರುಗಿಸಿ ಬ್ರೇಕು ಒತ್ತಿದಳು. ಚಕ್ರ ಕಚ್ಚಿ ಹಿಡಿದಂತೆ ನಿಂತಿತು. ಮುಂದಿನದನ್ನೂ ನೋಡಿದಳು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹಿಡಿಯುವ ಕಸುಬಿನವಳಿಗೆ ಇನ್ನೊಬ್ಬರು ಹೇಳಬೇಕಾದದ್ದೇನೂ ಇರಲಿಲ್ಲ. ಹೆಲ್ಮೆಟ್ ಹಾಕಿಕೊಂಡಳು.

ಡ್ರೈವರು ಕಂಗಾಲಾದ. ನಿಮಗೇನಾದರೂ ಆದರೆ ನನ್ನ ತಲೆಗೆ ಬರುತ್ತದೆ ಎಂದು ಮೇಷ್ಟ್ರಿಗೆ ಫೋನು ಹಚ್ಚಿದ. ಸಿಗ್ನಲ್ ಇರಲಿಲ್ಲ. ಅವಳು ವೈದ್ಯರ ಪತ್ರ ತೆಗೆದು ಅವನ ಕೈಗಿಟ್ಟಳು. ಅವನು ಬಂಕಿನ ಸೂರಿನ ಕೆಳಗೆ ನಿಂತು ಒಂದೊಂದೇ ಅಕ್ಷರ ಕೂಡಿಸಿದವನಂತೆ ಓದಿ, ಮಡಚಿ ವಾಪಸು ಕೊಟ್ಟ.

"ನೀವು ಹೋಗೋದೇ ಆದ್ರೆ ನಾನು ಹಿಂದೇನೇ ಬರ್ತೀನಿ" ಎಂದ. "ಹಾರ್ನ್ ಹೊಡೆಯಲ್ಲ, ಆತುರ ಮಾಡಲ್ಲ. ಎಷ್ಟು ಹೊತ್ತಾದ್ರೂ ಆಗ್ಲಿ."

ಹಾಗೆ ಇಬ್ಬರೂ ಏರತೊಡಗಿದರು. ಮುಂದೆ ಸೈಕಲ್ಲು, ಹಿಂದೆ ಹಳದಿ ದೀಪ ಮಿಣುಕಿಸುತ್ತ ವ್ಯಾನು. ರಸ್ತೆಯ ಒಂದು ಬದಿಯಲ್ಲಿ ಕೆಂಪು ನೀರು ಕಾಲುವೆಯಂತೆ ಇಳಿಯುತ್ತಿತ್ತು. ಮೊದಲ ಅರ್ಧ ಗಂಟೆ ಅವಳಿಗೆ ಸಿಟ್ಟೇ ಪೆಟ್ರೋಲು. ಆಮೇಲೆ ಏದುಸಿರು ಹತ್ತಿತು. ತಕ್ಷಣ ಚಿಕ್ಕ ಗೇರಿಗೆ ಇಳಿಸಿ, ವೈದ್ಯರು ಹೇಳಿದಂತೆ ಮಾತಾಡಿ ನೋಡಿದಳು. ಬಾಯಿಗೆ ಬಂದದ್ದು ಅಂಗಡಿಯ ಗೋಡೆಯ ಕಣ್ಣು ಪರೀಕ್ಷೆಯ ಅಕ್ಷರಪಟ್ಟಿ. ಮೇಲಿನ ದಪ್ಪ ಅಕ್ಷರದಿಂದ ಕೆಳಗಿನ ಸಣ್ಣ ಸಾಲಿನವರೆಗೆ ಗಟ್ಟಿಯಾಗಿ ಹೇಳುವಷ್ಟು ಉಸಿರಿದ್ದರೆ ಮುಂದೆ, ಇಲ್ಲದಿದ್ದರೆ ಇಳಿದು ನಿಲ್ಲುವುದು. ಏಳು ಸಲ ನಿಂತಳು. ಪ್ರತಿ ಸಲವೂ ವ್ಯಾನು ಇಪ್ಪತ್ತು ಹೆಜ್ಜೆ ಹಿಂದೆ ನಿಂತಿತು.

ಮಳೆಯಲ್ಲಿ ತುಳಿಯುವಾಗ ತಲೆಗೆ ಬೇಡದ್ದೆಲ್ಲ ಬರುತ್ತದೆ. ಅಮ್ಮ ಹೋದಾಗ ಚಿಕ್ಕಿಗೆ ಏಳು ವರ್ಷ, ಅಕ್ಕನಿಗೆ ಹದಿನೈದು. ಅಪ್ಪನ ಎತ್ತರದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತಂಗಿಯನ್ನು ಶಾಲೆಗೆ ಬಿಡುತ್ತಿದ್ದಳು. ಚಿಕ್ಕಿ ಅವರಿವರ ಪೆನ್ಸಿಲ್ಲು ಎತ್ತಿಕೊಂಡು ಬಂದಾಗ, ಪಕ್ಕದ ಮನೆಯ ಕಿಟಕಿ ಗಾಜು ಒಡೆದಾಗ, ತಾನೇ ಮಾಡಿದ್ದು ಎಂದು ಅಪ್ಪನಿಗೆ ಹೇಳಿ ಏಟು ತಿಂದವಳು ಇವಳು. ಅದನ್ನೆಲ್ಲ ಪ್ರೀತಿ ಎಂದುಕೊಂಡಿದ್ದಳು. ಈಗ ಅನ್ನಿಸಿತು, ನಾನು ಅವಳಿಗೆ ಕಲಿಸಿದ್ದು ಇದನ್ನೇ ಏನೋ.

ಘಾಟಿಯ ನೆತ್ತಿಯಲ್ಲಿ ರಸ್ತೆ ಇಲಾಖೆಯ ಒಂದು ಶೆಡ್ಡಿತ್ತು. ಒಣ ಬಟ್ಟೆಯ ಚೀಲಗಳೆಲ್ಲ ವ್ಯಾನಿನಲ್ಲಿದ್ದುದರಿಂದ ಹದಿನೈದು ಜನ ಅಲ್ಲಿ ಡಾಂಬರಿನ ಪೀಪಾಯಿಗಳ ನಡುವೆ ಎರಡು ಗಂಟೆ ನಡುಗುತ್ತ ಕಾದಿದ್ದರು. ಮಂಜಿನೊಳಗಿಂದ ವ್ಯಾನಿಗೂ ಮೊದಲು ಅವಳು ಕಂಡಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಎರಡು ನಿಮಿಷ ಉಸಿರು ಸುಧಾರಿಸಿಕೊಂಡು ಒಳಗೆ ಬಂದಳು. ಮೊದಲು ಪಾನಾಪತಿಯ ಮುಂದೆ ನಿಂತಳು.

"ನನ್ನ ಬ್ರೇಕ್ ಸರಿಯಾಗೇ ಇದೆ."

"ಗೊತ್ತು ಅಕ್ಕ" ಎಂದ ಅವನು. "ತಪ್ಪಾಯ್ತು."

ಮೇಷ್ಟ್ರು ಸಿಟ್ಟಿನಿಂದ ಬಿಳಿಚಿಕೊಂಡಿದ್ದರು. ಒಬ್ಬಳ ಹಟಕ್ಕೆ ಇಷ್ಟು ಜನ ಚಳಿಯಲ್ಲಿ ಸಾಯಬೇಕಾಯಿತು ಎಂದರು. ಅವಳು ಅವರ ಕ್ಷಮೆ ಕೇಳಿದಳು, ಆ ಮಾತು ನ್ಯಾಯವಾಗಿಯೇ ಇತ್ತು. ಆಮೇಲೆ ಪತ್ರ ಕೊಟ್ಟಳು. ಅವರು ಕನ್ನಡಕದ ಗಾಜು ಒರೆಸಿಕೊಂಡು ಓದಿದರು. ದನಿ ಸ್ವಲ್ಪ ಇಳಿಯಿತು. ವೈದ್ಯರೇ ಒಪ್ಪಿದ್ದಾರೆ, ಮತ್ತೆ ಫಾರಂನಲ್ಲಿ ಯಾಕೆ ಮುಚ್ಚಿಟ್ಟಿರಿ, ಹೋಗಲಿ, ಒಡಹುಟ್ಟಿದ ತಂಗಿಗೂ ಹೇಳಬಾರದೇ ಎಂದು ಕೇಳಿದರು.

ಅವಳು ಚಿಕ್ಕಿಯನ್ನು ನೋಡಿದಳು. ಚಿಕ್ಕಿ ಪೀಪಾಯಿಯ ಮೇಲೆ ಕೂತು ಒದ್ದೆ ಕೈಗವಸು ಹಿಂಡುತ್ತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳಿಬಿಟ್ಟರೆ ಎಲ್ಲವೂ ಮುಗಿಯಿತು, ಕೆಳಗೆ ಹೋಗಿ ಇಬ್ಬರೂ ಅತ್ತು ನಕ್ಕುಬಿಡಬಹುದು ಎಂದು ಅಕ್ಕ ಕಾದಳು. ಚಿಕ್ಕಿ ತಲೆ ಎತ್ತಿದಳು. ಅಕ್ಕನ ಕಡೆ ನೋಡದೆ ಮೇಷ್ಟ್ರ ಕಡೆ ನೋಡಿದಳು.

"ನನಗೆ ಮೊದಲೇ ಹೇಳಿದ್ದಿದ್ರೆ ನಾನು ಅವಳನ್ನ ಹೊರಡೋಕೇ ಬಿಡ್ತಿರಲಿಲ್ಲ ಸರ್."

ಬೆನ್ನ ಹಿಂದೆ ಹೇಳಿದ್ದನ್ನು ಬೇರೆಯವರ ಬಾಯಲ್ಲಿ ಕೇಳುವುದು ಒಂದು, ಕಣ್ಣ ಮುಂದೆಯೇ ಹೇಳಿದಾಗ ಕೇಳುವುದು ಇನ್ನೊಂದು. ಆದರೂ ಅಕ್ಕನ ಬಾಯಿಂದ ಹೊರಟದ್ದು ಮೂವತ್ತಾರು ವರ್ಷದ ಅಭ್ಯಾಸ.

"ಹೌದು. ಯಾರಿಗೂ ಹೇಳಿರಲಿಲ್ಲ. ನನ್ನದೇ ತಪ್ಪು."

ಹೇಳಿದ ಮರುಕ್ಷಣ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಚಿಕ್ಕಿಯ ಭುಜ ಸಡಿಲವಾದದ್ದು ಅವಳಿಗೆ ಕಂಡಿತು. ಬಚಾವಾದವರ ಭುಜ.

ಇಳಿಜಾರಿನಲ್ಲಿ ಮೇಷ್ಟ್ರು ಅವಳನ್ನು ತಮ್ಮ ಮುಂದೆ ಬಿಟ್ಟುಕೊಂಡು ಎಲ್ಲರಿಗಿಂತ ಕೊನೆಗೆ ಬಂದರು. ತಂಗುವ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು, ಮಳೆ ಸಣ್ಣಗಾಗಿತ್ತು. ಅವಳು ಬಟ್ಟೆ ಬದಲಿಸಿ, ಹಿತ್ತಲ ಜಗುಲಿಯಲ್ಲಿ ಕೂತು ಹಳೆಯ ಟೂತ್‌ಬ್ರಷ್ಷಿನಿಂದ ಚೈನಿನ ಮಣ್ಣು ತೆಗೆಯುತ್ತಿದ್ದಾಗ ಮೇಷ್ಟ್ರು ಎರಡು ಹಾಳೆ ಹಿಡಿದುಕೊಂಡು ಬಂದರು. ಒಂದು ಅವಳ ಫಾರಂ, ಇನ್ನೊಂದು ಚಿಕ್ಕಿಯದು. ಎರಡರಲ್ಲೂ ಒಂದೇ ದುಂಡಗಿನ ಅಕ್ಷರ, ಒಂದೇ ನೀಲಿ ಶಾಯಿ. ಅವಳ ಸಹಿ ಮಾತ್ರ ಓರೆಕೋರೆ.

"ನಾನು ಡ್ರಿಲ್ ಮೇಷ್ಟ್ರು, ಪಾಠದ ಮೇಷ್ಟ್ರಲ್ಲ. ಆದ್ರೆ ಅಕ್ಷರ ಗುರುತಿಸೋಕೆ ಬರುತ್ತೆ" ಎಂದರು.

ಇರಲಿ ಬಿಡಿ ಸರ್ ಎಂದಳು ಅವಳು.

"ನಾನು ಬಿಡಬಹುದು. ನೀವು ಬಿಡಬೇಡಿ."

ಹಾಳೆಗಳನ್ನು ಮಡಚಿಕೊಂಡು ಅವರು ಹೊರಟುಹೋದರು.

ಅವಳು ಕೈ ತೊಳೆದುಕೊಂಡು ಕೋಣೆಗೆ ಹೋದಳು. ಎರಡು ಮಂಚದ ಚಿಕ್ಕ ಕೋಣೆ. ಕಿಟಕಿಯ ಸರಳಿಗೆ ಚಿಕ್ಕಿ ಇಬ್ಬರ ಕಾಲುಚೀಲವನ್ನೂ ಒಗೆದು ನೇತುಹಾಕಿದ್ದಳು. ಅಕ್ಕನ ಹಾಸಿಗೆಯ ಮೇಲೆ ಬಿಸಿನೀರಿನ ಚೀಲ ಇಟ್ಟಿದ್ದಳು. ಕಾಲು ನೀಡು, ಎಣ್ಣೆ ತಿಕ್ಕುತ್ತೇನೆ ಎಂದಳು, ಏನೂ ನಡೆದೇ ಇಲ್ಲ ಎನ್ನುವ ಹಾಗೆ. ಅಕ್ಕ ಬಾಗಿಲು ಮುಂದೆ ಮಾಡಿ ಅದಕ್ಕೆ ಒರಗಿ ನಿಂತಳು. ಹೆದರಿಕೆಯಿಂದ ಹೇಳಿದೆಯಾ ಎಂದು ಕೇಳಿದಳು. ಹೌದೆಂದರೆ ನಂಬಲು ಅವಳು ಆಗಲೂ ಸಿದ್ಧಳಿದ್ದಳು.

ಚಿಕ್ಕಿ ಎಣ್ಣೆಯ ಸೀಸೆಯ ಮುಚ್ಚಳ ಬಿಗಿ ಮಾಡಿ ಪಕ್ಕಕ್ಕಿಟ್ಟಳು.

"ಇಲ್ಲ" ಎಂದಳು. "ಮೊದಲನೇ ದಿನ ಹೆದರಿಕೆ ಇತ್ತು. ಆಮೇಲೆ ಅವರ ಜೊತೆ ಓಡಿಸಿದೆ ನೋಡು, ಆಗ... ಜನ್ಮದಲ್ಲಿ ಮೊದಲ ಸಲ ಯಾರಿಗೂ ಕಾಯದೆ ಹೋದೆ ಅಕ್ಕ. ಘಾಟಿ ದಿನ ನಿನ್ನ ಜೊತೆ ಉಳಿಬೇಕಾಗುತ್ತೆ ಅಂತ ಮೇಷ್ಟ್ರು ಹೇಳಿದ್ರು. ಆಗೋದಿಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಇದು ಬಾಯಿಗೆ ಬಂತು."

"ನನಗೆ ಹೇಳಬಹುದಿತ್ತಲ್ಲ. ನೀನು ಹೋಗು ಅಂತ ನಾನೇ ಕಳಿಸ್ತಿದ್ದೆ."

"ಅದೇ" ಎಂದಳು ಚಿಕ್ಕಿ, ದನಿ ಒಡೆದು. "ನೀನು ಕಳಿಸ್ತಿದ್ದೆ. ನಿನ್ನ ಹತ್ರ ಕೇಳಿ, ನೀನು ಕಳಿಸಿ, ನಾನು ಹೋಗಬೇಕು. ನನಗೆ ನಲವತ್ತಮೂರು ವರ್ಷ."

ಅದರಲ್ಲೂ ನಿಜವಿತ್ತು, ಅಕ್ಕನಿಗೆ ಅದು ತಟ್ಟಿತು. ತಾನು ಕಾಯಿಸಿದ್ದು, ಕಾದದ್ದು, ಹೊತ್ತದ್ದು ಎಲ್ಲ ಒಂದು ಹೊರೆಯಾಗಿ ಅವಳ ಬೆನ್ನ ಮೇಲೆ ಕೂತಿರಬಹುದು. ಆದರೆ ಆ ಹೊರೆ ಇಳಿಸಲು ಅವಳು ಹಿಡಿದ ದಾರಿ?

"ಶೆಡ್ಡಲ್ಲಿ ನಿನಗೋಸ್ಕರ ಕಾದೆ" ಎಂದಳು. "ಅಲ್ಲಾದ್ರೂ ಹೇಳ್ತೀಯ ಅಂತ. ನೀನು ಹೇಳಲಿಲ್ಲ, ನಾನು ಮತ್ತೆ ನಿನ್ನ ತಪ್ಪು ತಲೆ ಮೇಲೆ ಹಾಕ್ಕೊಂಡೆ. ಅದೇ ಕೊನೆ ಚಿಕ್ಕಿ. ಇನ್ನು ಮೇಲೆ ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಚಿಕ್ಕಿ ಅತ್ತಳು. ನಿಜವಾದ ಅಳುವೇ. ಹಿಂದಿನ ಸಂಜೆ ಮೇಷ್ಟ್ರ ಮುಂದೆ ಅತ್ತದ್ದೂ ಹೀಗೆಯೇ ಇದ್ದಿರಬೇಕು ಎಂಬ ಯೋಚನೆ ಬಂದದ್ದೇ, ಅವಳ ಬೆನ್ನು ಸವರಲು ಮುಂದಾದ ಅಕ್ಕನ ಕೈ ನಿಂತುಹೋಯಿತು. ಅಷ್ಟು ದಿನದಲ್ಲಿ ಅವಳಿಗೆ ಅತಿ ಕಷ್ಟವೆನ್ನಿಸಿದ್ದು ಆ ಗಳಿಗೆ, ಘಾಟಿಯಲ್ಲ. ತನ್ನ ಚೀಲ ಎತ್ತಿಕೊಂಡು, ಊಟದ ಹೊತ್ತಿಗೆ ಮುಂಚೆಯೇ ಮನೆಯ ಯಜಮಾನಿಯನ್ನು ಕೇಳಿ ಮಹಡಿಯ ಒಂದು ಒಂಟಿ ಕೋಣೆಗೆ ಹೋದಳು.

ಉಳಿದ ಮೂರು ದಿನ ಅವಳು ಮೇಷ್ಟ್ರ ಜೊತೆ ಗುಂಪಿನ ಬಾಲದಲ್ಲೇ ಬಂದಳು. ಮಳೆ ಮತ್ತೆರಡು ಸಲ ಬಂತು. ಮೇಷ್ಟ್ರು ಹೆಚ್ಚು ಮಾತಿನವರಲ್ಲ, ಆದರೆ ಏರು ಬಂದಾಗ ಅವಳಿಗೆ ಉಸಿರಿದೆಯೇ ನೋಡಲು ಏನಾದರೂ ಪ್ರಶ್ನೆ ಕೇಳುತ್ತಿದ್ದರು. ಬಹುಪಾಲು ದೂರದೃಷ್ಟಿ, ಸಮೀಪದೃಷ್ಟಿಯ ಪ್ರಶ್ನೆ. ಚಿಕ್ಕಿ ಮುಂದಿನವರ ಜೊತೆಯೇ ಓಡಿಸಿದಳು. ಅವಳನ್ನು ಯಾರೂ ತಡೆಯಲಿಲ್ಲ. ಎಂಟನೇ ದಿನ ಊಟದ ಸಾಲಿನಲ್ಲಿ ಒಬ್ಬ ಹೆಂಗಸು, ತಂಗಿಗಾದರೂ ಹೇಳಬೇಕಿತ್ತು ನೋಡಿ ಎಂದು ಬುದ್ಧಿ ಹೇಳಿದಳು. ತಂಗಿಗೆ ಎಲ್ಲ ಗೊತ್ತಿತ್ತು, ಫಾರಂ ತುಂಬಿದ್ದೇ ಅವಳು ಎಂದಳು ಅಕ್ಕ, ದನಿ ಏರಿಸದೆ. ಆ ಮಾತು ಸಂಜೆಯೊಳಗೆ ಎಲ್ಲರ ಕಿವಿ ಮುಟ್ಟಿತು. ಮರುದಿನ ಮುಂದಿನ ಗುಂಪಿನಲ್ಲಿ ಚಿಕ್ಕಿಯ ಪಕ್ಕದಲ್ಲಿ ಯಾರೂ ಓಡಿಸುತ್ತಿರಲಿಲ್ಲ. ಅದನ್ನು ಕಂಡು ಅಕ್ಕನಿಗೆ ಸಮಾಧಾನವೇನೂ ಆಗಲಿಲ್ಲ.

ವಾಪಸು ರೈಲಿನಲ್ಲಿ ಇಬ್ಬರದೂ ಅಕ್ಕಪಕ್ಕದ ಸೀಟು. ಅಕ್ಕ ಮುಂದಿನ ಬೋಗಿಯಲ್ಲಿ ಒಬ್ಬಂಟಿಯಾಗಿ ಕೂತಿದ್ದ ಒಬ್ಬ ಮುದುಕರನ್ನು ಕೇಳಿ ಜಾಗ ಬದಲಿಸಿಕೊಂಡಳು. ಅವರಿಗೆ ಕಿಟಕಿ ಸಿಕ್ಕಿದ್ದೇ ಖುಷಿ. ಮಧ್ಯಾಹ್ನದ ಬಿಸಿಲು ಗದ್ದೆಗಳ ನೀರಿನ ಮೇಲೆ ಬಿದ್ದಿತ್ತು. ಅರ್ಧ ದಾರಿಯಲ್ಲಿ ಚಿಕ್ಕಿ ಬೋಗಿ ದಾಟಿ ಬಂದು, ಸೀಟಿನ ಕಂಬಿ ಹಿಡಿದು ನಿಂತಳು. ಮುಖ ಬಾಡಿತ್ತು.

"ಎಷ್ಟು ದಿನ ಹೀಗೆ ಅಕ್ಕ?"

ಅಕ್ಕ ಉತ್ತರಕ್ಕಾಗಿ ನಿಜವಾಗಿಯೂ ಹುಡುಕಿದಳು.

"ಗೊತ್ತಿಲ್ಲ" ಎಂದಳು. "ಗೊತ್ತಾದಾಗ ನಾನೇ ಬರ್ತೀನಿ. ನೀನು ಕಾಯಬೇಡ."

ಚಿಕ್ಕಿ ಮುಂದಿನ ನಿಲ್ದಾಣ ಬರುವವರೆಗೂ ಅಲ್ಲೇ ನಿಂತಿದ್ದಳು. ರೈಲು ನಿಂತು, ಇಳಿಯುವವರು ಹತ್ತುವವರ ನಡುವೆ ದಾರಿ ಬಿಡಬೇಕಾಗಿ ಬಂದಾಗ, ತನ್ನ ಬೋಗಿಗೆ ಹೋದಳು.